ಸೋಲುವವನ ಮೇಲೆ ಕಣ್ಣಿಡಿ: ಹಳೇ ಕುಸ್ತಿ ಪಂದ್ಯಗಳನ್ನು ಮತ್ತೆ ನೋಡುವ ಕ್ರಮ

ಹಳೇ ಡಬ್ಲ್ಯುಡಬ್ಲ್ಯುಎಫ್ (ಅಮೆರಿಕದ ಕುಸ್ತಿ ಕಂಪನಿ, ಈಗಿನ ಹೆಸರು ಡಬ್ಲ್ಯುಡಬ್ಲ್ಯುಇ) ಪಂದ್ಯಗಳನ್ನು ಮತ್ತೆ ನೋಡೋಣ ಅಂತ ಹೊರಟವರಲ್ಲಿ ಹೆಚ್ಚಿನವರು ಐದನೇ ನಿಮಿಷಕ್ಕೇ ಬೇಜಾರಾಗಿ ಬಿಟ್ಟುಬಿಡುತ್ತಾರೆ. "ಚಿಕ್ಕವರಿದ್ದಾಗ ಎಷ್ಟು ಮಜಾ ಇತ್ತು ಮಾರಾಯ, ಈಗ ನೋಡಿದ್ರೆ ಬರೀ ನಾಟಕ" ಅನ್ನುತ್ತಾರೆ. ನಾಟಕವೇ ಹೌದು, ಅದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಆದರೆ ನಾಟಕ ನೋಡೋದಕ್ಕೂ ಒಂದು ಕ್ರಮ ಇದೆಯಲ್ಲ! ನಮ್ಮ ಸಾಗರ, ಸಿದ್ದಾಪುರದ ಕಡೆ ಕೀಚಕ ಸಾಯುತ್ತಾನೆ ಅಂತ ಗೊತ್ತಿಲ್ಲದೆ ಯಾರೂ ಯಕ್ಷಗಾನದ ಆಟಕ್ಕೆ ಹೋಗುವುದಿಲ್ಲ. ಇವತ್ತಿನ ಕೀಚಕ ಯಾರು, ಭಾಗವತರು ಯಾರು ಅಂತ ವಿಚಾರಿಸಿಕೊಂಡು ಹೋಗುತ್ತಾರೆ. ಹಳೇ ಕುಸ್ತಿಗೂ ಹಾಗೇ ಕೂರಬೇಕು. ಯಾರು ಗೆಲ್ಲುತ್ತಾರೆ ಅಂತ ಮೊದಲೇ ತಿಳಿದುಕೊಳ್ಳಿ. ಸಸ್ಪೆನ್ಸ್ ಹೋಯಿತು ಅಂತ ಚಿಂತೆ ಬೇಡ, ಮೂವತ್ತು ವರ್ಷದ ಹಿಂದಿನ ಪಂದ್ಯದಲ್ಲಿ ಅದು ಇರುವುದೇ ಇಲ್ಲ.

ನನ್ನ ಕ್ರಮದ ತಿರುಳು ಇಷ್ಟೇ. ಹೊಡೆಯುವವನನ್ನು ಬಿಡಿ, ಹೊಡೆಸಿಕೊಳ್ಳುವವನನ್ನು ನೋಡಿ. ಮೊದಲ ಸಲ ನೋಡುವಾಗ ಕಣ್ಣು ತಾನಾಗಿ ಗೆಲ್ಲುವವನ ಹಿಂದೆ ಹೋಗುತ್ತದೆ, ಏಟು ಕೊಡುವ ಕೈಯ ಹಿಂದೆ ಹೋಗುತ್ತದೆ. ಮತ್ತೆ ನೋಡುವಾಗ ಅದನ್ನು ಬೇಕಂತಲೇ ಈ ಕಡೆ ತಿರುಗಿಸಬೇಕು. ಪಂದ್ಯ ಕಟ್ಟುವವನು ಬೀಳುವವನು. ಅವನು ಸರಿಯಾಗಿ ಬೀಳದಿದ್ದರೆ ಎಂಥ ದೈತ್ಯನ ಏಟೂ ಹುಸಿ.

ಇದಕ್ಕೆ ಮೊದಲು ಒಂದು ಹಳೇ ಅಭ್ಯಾಸ ಬಿಡಬೇಕು, ಪೈಲ್ವಾನರ ಚಿತ್ರ, ಅಂಕಿಗಳಿದ್ದ ಟ್ರಂಪ್ ಕಾರ್ಡಿನ ಅಭ್ಯಾಸ. ತೊಂಬತ್ತರ ದಶಕದಲ್ಲಿ ಶಾಲೆಗೆ ಹೋದವರಿಗೆ ನೆನಪಿರುತ್ತದೆ: ಎತ್ತರ, ತೂಕ, ಎದೆ, ಬೈಸೆಪ್ಸ್, ರ‍್ಯಾಂಕ್. "ಬೈಸೆಪ್ಸ್" ಅಂತ ಕೂಗಿ ಕಾರ್ಡ್ ಇಟ್ಟರೆ ದೊಡ್ಡ ಅಂಕಿ ಇದ್ದವನು ಎದುರಿನವನ ಕಾರ್ಡ್ ಎತ್ತಿಕೊಳ್ಳುತ್ತಿದ್ದ. ನಮ್ಮ ತಲೆಮಾರಿಗೆ ಕುಸ್ತಿಯ ವಿಮರ್ಶೆ ಕಲಿಸಿದ್ದೇ ಆ ಕಾರ್ಡು. ಅದರ ಲೆಕ್ಕದಲ್ಲಿ ದೊಡ್ಡವನೇ ಒಳ್ಳೆಯ ಆಟಗಾರ. ಯಾರು ಚೆನ್ನಾಗಿ ಬೀಳುತ್ತಾನೆ ಅನ್ನೋ ಕಾಲಂ ಅದರಲ್ಲಿ ಇರಲಿಲ್ಲ. (ಅಂಡರ್‌ಟೇಕರ್‌ಗೆ ಏಳು ಜೀವ ಅನ್ನೋದು ಕಾರ್ಡಿನಲ್ಲಿ ಇಲ್ಲದಿದ್ದರೂ ನಾವೆಲ್ಲ ನಂಬಿದ್ದೆವು. ಆ ಸುದ್ದಿ ಹುಟ್ಟಿಸಿದವನು ಯಾವ ಊರಿನವನೋ, ಅವನಿಗೊಂದು ನಮಸ್ಕಾರ.)

ಈಗ ಕೆಲಸಕ್ಕೆ ಬರೋಣ. ಮೊದಲು ಪೂರ್ತಿ ಪಂದ್ಯ ಸಿಗಬೇಕು. ಮೂರು ನಿಮಿಷದ ಹೈಲೈಟ್ಸ್ ನೋಡಿ ಪಂದ್ಯ ನೋಡಿದೆ ಅನ್ನಬೇಡಿ. ಅದರಲ್ಲಿ ಎತ್ತಿ ಎಸೆದದ್ದು ಮಾತ್ರ ಇರುತ್ತದೆ, ಎಸೆದ ಮೇಲೆ ನೆಲ ಹಿಡಿದುಕೊಂಡು ಒದ್ದಾಡಿದ್ದು ಇರುವುದಿಲ್ಲ. ನಮಗೆ ಬೇಕಾದದ್ದು ಈ ಒದ್ದಾಟ. ಡಬ್ಲ್ಯುಡಬ್ಲ್ಯುಇ ತನ್ನ ಯೂಟ್ಯೂಬ್ ಚಾನೆಲ್‌ನಲ್ಲೇ ಸಾಕಷ್ಟು ಹಳೇ ಪಂದ್ಯಗಳನ್ನು ಪೂರ್ತಿಯಾಗಿ ಹಾಕಿದೆ. ಹಳೇ ಸರಕಿಗೆಂದೇ ಡಬ್ಲ್ಯುಡಬ್ಲ್ಯುಇ ವಾಲ್ಟ್ ಅಂತ ಬೇರೆ ಚಾನೆಲ್ ಕೂಡ ಇದೆ. ಹುಡುಕುವಾಗ "ಫುಲ್ ಮ್ಯಾಚ್" ಅಂತ ಸೇರಿಸಿ, ಅವಧಿ ನೋಡಿಕೊಂಡು ಒತ್ತಿ.

ಕೆಲವು ಪ್ರತಿಗಳಲ್ಲಿ ವಿಚಿತ್ರ ಕಾಣಿಸುತ್ತದೆ, ಗಾಬರಿ ಬೇಡ. ವನ್ಯಜೀವಿ ಸಂಸ್ಥೆ ಡಬ್ಲ್ಯುಡಬ್ಲ್ಯುಎಫ್ ಆ ಮೂರಕ್ಷರಕ್ಕಾಗಿ ಕೋರ್ಟಿಗೆ ಹೋಗಿ ಗೆದ್ದ ಮೇಲೆ, 2002ರಲ್ಲಿ ಕುಸ್ತಿ ಕಂಪನಿ ಹೆಸರು ಬದಲಿಸಿಕೊಂಡಿತು. ಆಮೇಲೆ ಬಂದ ಡಿವಿಡಿಗಳಲ್ಲಿ ತೊಂಬತ್ತರ ದಶಕದ ಕೊನೆಯ ಆ ಗೀಚಿದಂಥ ಲೋಗೋ ಕಂಡಲ್ಲೆಲ್ಲ ಮಸುಕು ಬಳಿದಿದ್ದರು, ಕಾಮೆಂಟರಿಯಲ್ಲಿ "ಎಫ್" ನುಂಗಿಸಿದ್ದರು. 2012ರಲ್ಲಿ ರಾಜಿಯಾದ ಮೇಲೆ ಅದು ನಿಂತಿತು. ಹಳೇ ಪ್ರತಿ ಸಿಕ್ಕರೆ ರಿಂಗಿನ ಮೂಲೆಯೆಲ್ಲ ಮಂಜು ಕವಿದಂತೆ ಕಾಣುತ್ತದೆ, ನಿಮ್ಮ ಕಣ್ಣಿಗೇನೂ ಆಗಿಲ್ಲ. ಸಂಗೀತವೂ ಹಾಗೇ. ಇಸಿಡಬ್ಲ್ಯು ಅನ್ನುವ ಇನ್ನೊಂದು ಕುಸ್ತಿ ಕಂಪನಿಯ ಸ್ಯಾಂಡ್‌ಮ್ಯಾನ್ ಬಾಯಲ್ಲಿ ಸಿಗರೇಟು, ಕೈಯಲ್ಲಿ ಬಿಯರ್ ಕ್ಯಾನ್, ಬೆತ್ತ ಹಿಡಿದು ಜನರ ನಡುವೆ ಬರುತ್ತಿದ್ದದ್ದು ಮೆಟಾಲಿಕಾ ಹಾಡಿಗೆ. ಹಕ್ಕಿನ ತಕರಾರಿನಿಂದ ಡಬ್ಲ್ಯುಡಬ್ಲ್ಯುಇ ಪ್ರತಿಯಲ್ಲಿ ಬೇರೆ ಯಾವುದೋ ಗಿಟಾರ್ ಕೇಳುತ್ತದೆ. ಪ್ರವೇಶದ ಅರ್ಧ ಗತ್ತು ಅಲ್ಲೇ ಹೋಯಿತು.

ಎರಡನೆಯದು, ಪಂದ್ಯಕ್ಕೆ ಮೊದಲಿನ ಜಗಳ ಏನಿತ್ತು ಅಂತ ತಿಳಿದುಕೊಳ್ಳಿ. ಹತ್ತು ನಿಮಿಷ ಸಾಕು. ನಾನು ಯಾರಿಗೇ ಆಗಲಿ ಮೊದಲು ತೋರಿಸುವ ಪಂದ್ಯ ರಾಂಡಿ ಸ್ಯಾವೇಜ್ ಮತ್ತು ರಿಕಿ ಸ್ಟೀಮ್‌ಬೋಟ್‌ನದ್ದು, 1987ರ ಮಾರ್ಚ್ 29ರಂದು ಕಂಪನಿಯ ವರ್ಷದ ದೊಡ್ಡ ಮೇಳವಾದ ರೆಸಲ್‌ಮೇನಿಯಾ 3ರಲ್ಲಿ ಆದದ್ದು. ಇದರ ಬೇರು 1986ರ ನವೆಂಬರ್‌ನಲ್ಲಿದೆ. ಟಿವಿಯ ಪಂದ್ಯವೊಂದರಲ್ಲಿ ಸ್ಯಾವೇಜ್ ಸ್ಟೀಮ್‌ಬೋಟ್‌ನ ಗಂಟಲನ್ನು ರಿಂಗ್ ಸುತ್ತಲಿನ ಕಬ್ಬಿಣದ ಬೇಲಿಗೆ ಜಜ್ಜಿದ. ಅಷ್ಟಕ್ಕೆ ಬಿಡದೆ, ಪಂದ್ಯ ಶುರು ಮಾಡಲು ಬಾರಿಸುವ ಗಂಟೆಯನ್ನು ಎತ್ತಿಕೊಂಡು ಮೇಲಿನ ಹಗ್ಗದಿಂದ ಅವನ ಕುತ್ತಿಗೆಗೆ ಹಾರಿದ. ಕಥೆಯ ಪ್ರಕಾರ ಧ್ವನಿಪೆಟ್ಟಿಗೆಯೇ ಜಜ್ಜಿಹೋಗಿತ್ತು. ಈ ಒಂದು ಸಂಗತಿ ಗೊತ್ತಿದ್ದರೆ ನಾಲ್ಕು ತಿಂಗಳ ನಂತರದ ಹದಿನಾಲ್ಕೂವರೆ ನಿಮಿಷದ ಪಂದ್ಯಕ್ಕೆ ಬೇರೆಯದೇ ಅರ್ಥ ಬರುತ್ತದೆ. ಗೊತ್ತಿಲ್ಲದಿದ್ದರೆ ಚಡ್ಡಿ ಹಾಕಿದ ಇಬ್ಬರು ಓಡಾಡಿದ ಹಾಗೆ ಕಾಣುತ್ತದೆ, ಅಷ್ಟೇ.

ಮೊದಲ ಸಲ ಸುಮ್ಮನೆ ನೋಡಿ. ಮಿಷಿಗನ್‌ನ ಪಾಂಟಿಯಾಕ್ ಸಿಲ್ವರ್‌ಡೋಮ್. ಕಂಪನಿ ಘೋಷಿಸಿದ ಲೆಕ್ಕ 93,173 ಜನ, ಅಷ್ಟು ಇರಲಿಲ್ಲ ಅನ್ನುವವರೂ ಇದ್ದಾರೆ. ರಿಂಗಿಗೆ ಹೋಗುವ ದಾರಿ ಎಷ್ಟು ಉದ್ದ ಅಂದರೆ ಪುಟಾಣಿ ರಿಂಗಿನ ಆಕಾರದ ಗಾಡಿಯಲ್ಲಿ ಪೈಲ್ವಾನರನ್ನು ಕೂರಿಸಿಕೊಂಡು ತರುತ್ತಾರೆ. ಗೊರಿಲ್ಲಾ ಮನ್ಸೂನ್ ಮತ್ತು ಜೆಸ್ಸಿ ವೆಂಚುರಾ ಅವರ ಕಾಮೆಂಟರಿ ಕೇಳಿ. ವೆಂಚುರಾ ಕೆಟ್ಟವರ ಪಕ್ಷ ವಹಿಸಿಯೇ ಮಾತಾಡುವ ಆಸಾಮಿ, ಆದರೂ ಅವನ ಮಾತಲ್ಲಿ ತರ್ಕ ಇರುತ್ತದೆ. ಈಗಿನ ಕಾಮೆಂಟೇಟರ್‌ಗಳು ಅದನ್ನು ಕಲಿಯಬೇಕಿತ್ತು.

ಎರಡನೇ ಸಲ ಸೌಂಡ್ ಪೂರ್ತಿ ತೆಗೆದುಬಿಡಿ. ಸ್ಟೀಮ್‌ಬೋಟ್ ಒಬ್ಬನನ್ನೇ ನೋಡಿ, ಅವನ ಗಂಟಲಿನ ಮೇಲೆ ಗಮನ ಇಡಿ. ಶುರುವಿನಲ್ಲೇ ಅವನು ಸ್ಯಾವೇಜ್‌ನ ಕುತ್ತಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ನೆಲದಿಂದ ಮೇಲೆತ್ತುತ್ತಾನೆ. ಸೇಡು ಎಲ್ಲಿಂದ ಶುರುವಾಗಬೇಕೋ ಅಲ್ಲಿಂದಲೇ ಶುರು. ಆಮೇಲೆ ಸ್ಯಾವೇಜ್‌ಗೆ ಅವಕಾಶ ಸಿಕ್ಕಾಗಲೆಲ್ಲ ಏಟು ಹೋಗಿ ಬೀಳುವುದು ಆ ಗಂಟಲಿಗೇ. ಹಗ್ಗದ ಮೇಲೆ ಗಂಟಲನ್ನು ಒತ್ತುತ್ತಾನೆ, ಮೊಣಕೈಯಿಂದ ಗುದ್ದುತ್ತಾನೆ. ಏಟು ಬಿದ್ದಾಗ ಸ್ಟೀಮ್‌ಬೋಟ್ ಬರೀ ಹಿಂದಕ್ಕೆ ಬೀಳುವುದಿಲ್ಲ, ಉಸಿರು ಸಿಗದವನ ಹಾಗೆ ಬಾಯಿ ತೆರೆದುಕೊಂಡು ಬೀಳುತ್ತಾನೆ, ಎದ್ದ ಮೇಲೂ ಅರ್ಧ ಕ್ಷಣ ತಡೆದೇ ತಿರುಗಿ ಹೊಡೆಯುತ್ತಾನೆ. ನೋವನ್ನು ಹೀಗೆ ನಂಬಿಸುವುದಕ್ಕೆ ಅವರ ಭಾಷೆಯಲ್ಲಿ ಸೆಲ್ಲಿಂಗ್ ಅಂತಾರೆ. ಆ ಕಾಲದಲ್ಲಿ ಇದರಲ್ಲಿ ಸ್ಟೀಮ್‌ಬೋಟ್‌ನನ್ನು ಮೀರಿಸಿದವರು ನನಗಂತೂ ಸಿಕ್ಕಿಲ್ಲ.

ಮೂರನೇ ಸಲ ಸ್ಯಾವೇಜ್‌ನನ್ನು ನೋಡಿ, ಯಾಕಂದರೆ ಈ ಪಂದ್ಯದಲ್ಲಿ ಕೊನೆಗೆ ಸೋಲುವವನು ಅವನು. ಇವನೊಬ್ಬ ಲೆಕ್ಕದ ಮನುಷ್ಯ. ಪ್ರತಿಯೊಂದು ಪಟ್ಟನ್ನೂ ಮೊದಲೇ ನಂಬರ್ ಹಾಕಿ ಬರೆದಿಟ್ಟುಕೊಂಡು, ಇಷ್ಟನೆಯದು ಆದ ಮೇಲೆ ಏನು ಅಂತ ತನ್ನನ್ನು ಪರೀಕ್ಷೆ ಮಾಡುತ್ತಿದ್ದ ಅಂತ ಸ್ಟೀಮ್‌ಬೋಟ್ ಸಂದರ್ಶನಗಳಲ್ಲಿ ಹೇಳಿದ್ದಾನೆ. ಅದು ಗೊತ್ತಿದ್ದು ನೋಡಿದರೆ ಎರಡರ ಎಣಿಕೆಗೆ ತಪ್ಪಿಸಿಕೊಳ್ಳುವ ಪ್ರತಿ ಪಿನ್ನೂ (ಭುಜ ನೆಲಕ್ಕೆ ಒತ್ತಿ ಮೂರು ಎಣಿಸಿದರೆ ಗೆಲುವು) ಒಂದರ ಹಿಂದೊಂದು ಜೋಡಿಸಿಟ್ಟಂತೆ ಕಾಣುತ್ತದೆ. ಕೊನೆಗೆ ರೆಫರಿ ಡೇವ್ ಹೆಬ್ನರ್ ಬಿದ್ದಿದ್ದಾಗ ಸ್ಯಾವೇಜ್ ಮೇಲಿನ ಹಗ್ಗದಿಂದ ತನ್ನ ಬ್ರಹ್ಮಾಸ್ತ್ರ ಎಲ್ಬೋ ಡ್ರಾಪ್ ಹಾಕುತ್ತಾನೆ, ಎಣಿಸಲು ಯಾರೂ ಇಲ್ಲ. ಆಗ ಅವನು ಹುಡುಕಿಕೊಂಡು ಹೋಗುವುದು ಮತ್ತದೇ ಗಂಟೆಯನ್ನು. ಸ್ಟೀಮ್‌ಬೋಟ್‌ನ ಕಡೆಯವನಾದ ಜಾರ್ಜ್ ಸ್ಟೀಲ್ ಅದನ್ನು ಕಿತ್ತುಕೊಳ್ಳುತ್ತಾನೆ, ಒದೆ ತಿನ್ನುತ್ತಾನೆ, ಗಂಟೆ ಹಿಡಿದು ಹಗ್ಗ ಹತ್ತಿದ ಸ್ಯಾವೇಜ್‌ನನ್ನು ಕೆಳಗೆ ತಳ್ಳುತ್ತಾನೆ. ಎದ್ದ ಸ್ಯಾವೇಜ್ ಸ್ಲ್ಯಾಮ್ ಮಾಡಲು ಎತ್ತಿಕೊಂಡಾಗ ಸ್ಟೀಮ್‌ಬೋಟ್ ಅದರಲ್ಲೇ ಮಡಚಿ ಸುತ್ತಿ ಪಿನ್ ಮಾಡುತ್ತಾನೆ. ನವೆಂಬರ್‌ನಲ್ಲಿ ಗಂಟೆಯಿಂದ ಶುರುವಾದ ಜಗಳ ಮಾರ್ಚ್‌ನಲ್ಲಿ ಗಂಟೆಯಿಂದಲೇ ತೀರಿತು. ಇಷ್ಟು ಅಚ್ಚುಕಟ್ಟಾದ ಕಟ್ಟು ಸಿನಿಮಾದವರಿಗೂ ಅಪರೂಪ.

ರೆಫರಿ ಹೆಸರು ಬಂತಲ್ಲ, ಸಣ್ಣ ಅಡ್ಡಮಾತು. ಡೇವ್‌ಗೆ ಅರ್ಲ್ ಅಂತ ಅವಳಿ ಸೋದರ. 1988ರ ಫೆಬ್ರವರಿಯಲ್ಲಿ ಆಗಿನ ಚಾಂಪಿಯನ್ ಹಲ್ಕ್ ಹೋಗನ್‌ನಿಂದ ಬೆಲ್ಟ್ ಕಿತ್ತುಕೊಳ್ಳಲು "ನಕಲಿ ಡೇವ್" ಆಗಿ ಬಂದವನು ಇವನೇ. 1997ರ ನವೆಂಬರ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ಬ್ರೆಟ್ ಹಾರ್ಟ್ ಸೋಲೊಪ್ಪದೆ ಇದ್ದಾಗಲೇ ಗಂಟೆ ಬಾರಿಸಿ ಅಂದವನೂ ಇವನೇ, ಅದು ಮಾತ್ರ ಕಥೆಯಲ್ಲ, ನಿಜ. ಬಿಡುವಿದ್ದಾಗ ಯಾವುದಾದರೂ ಪಂದ್ಯವನ್ನು ರೆಫರಿ ಒಬ್ಬನನ್ನೇ ನೋಡಿಕೊಂಡು ಮುಗಿಸಿ. ಬಿದ್ದವನ ಕಿವಿಯ ಹತ್ತಿರ ಬಗ್ಗಿ ಏನೋ ಹೇಳುತ್ತಿರುತ್ತಾನೆ. ಇನ್ನೆಷ್ಟು ಸಮಯ ಇದೆ, ಏಟು ನಿಜವಾಗಿ ಬಿತ್ತಾ ಅಂತೆಲ್ಲ ಮಾತು ದಾಟಿಸುವ ಕೆಲಸವೂ ಅವನದೇ.

ಅದೇ ರಾತ್ರಿಯ ಕೊನೆಯ ಪಂದ್ಯ ಹಲ್ಕ್ ಹೋಗನ್ ಮತ್ತು ಆಂಡ್ರೆ ದ ಜಯಂಟ್. ಇದನ್ನು ಇನ್ನೊಂದು ಅಳತೆಯಲ್ಲಿ ನೋಡಬೇಕು. ಪಂದ್ಯಗಳಿಗೆ ನಕ್ಷತ್ರ ಕೊಡುವ ಪತ್ರಕರ್ತ ಡೇವ್ ಮೆಲ್ಟ್ಸರ್ ಇದಕ್ಕೆ ಕೊಟ್ಟದ್ದು ಮೈನಸ್ ನಾಲ್ಕು. ಕೈಕಾಲಿನ ಚಳಕ ಲೆಕ್ಕ ಹಾಕಿದರೆ ಅವನ ಮಾತು ಸರಿ, ಆದರೂ ನಾನು ಒಪ್ಪುವುದಿಲ್ಲ. ಆಂಡ್ರೆಯನ್ನು ನೋಡಿ. ಬೆನ್ನಿನ ಆಪರೇಷನ್ ಆಗಿತ್ತು, ಬಟ್ಟೆಯೊಳಗೆ ಪಟ್ಟಿ ಕಟ್ಟಿಕೊಂಡೇ ರಿಂಗಿಗೆ ಬಂದಿದ್ದ. ಹಗ್ಗ ಹಿಡಿದುಕೊಂಡೇ ನಿಲ್ಲುತ್ತಾನೆ, ಹೆಜ್ಜೆ ಎಳೆಯುತ್ತಾನೆ. ಇಂಥ ಸ್ಥಿತಿಯಲ್ಲೂ ಹೋಗನ್ ಎತ್ತುವ ಹೊತ್ತಿಗೆ ಮೈ ಬಿಟ್ಟುಕೊಡುತ್ತಾನೆ. ಆಂಡ್ರೆ ಒಪ್ಪದಿದ್ದರೆ ಆ ಮನುಷ್ಯನನ್ನು ಭೂಮಿಯ ಮೇಲೆ ಯಾರೂ ಎತ್ತುತ್ತಿರಲಿಲ್ಲ. ಗೆದ್ದವನ ಪೋಸ್ಟರ್ ಇವತ್ತಿಗೂ ಮಾರಾಟವಾಗುತ್ತದೆ, ಗೆಲುವು ಬಿಟ್ಟುಕೊಟ್ಟ ಆಂಡ್ರೆ 1993ರಲ್ಲಿ ತೀರಿಹೋದ. ಹನ್ನೆರಡು ನಿಮಿಷದ ಪಂದ್ಯ, ಒಂದೇ ಸಲ ನೋಡಿ ಸಾಕು, ಆದರೆ ಆಂಡ್ರೆಯ ಕಾಲು ನೋಡುತ್ತಾ ನೋಡಿ.

ಈಗ ನನ್ನ ಇಷ್ಟದ ಪಾಠ. ಬ್ರೆಟ್ ಹಾರ್ಟ್ ಮತ್ತು ಸ್ಟೀವ್ ಆಸ್ಟಿನ್, ರೆಸಲ್‌ಮೇನಿಯಾ 13, 1997ರ ಮಾರ್ಚ್ 23, ಶಿಕಾಗೊ ಪಕ್ಕದ ರೋಸ್‌ಮಾಂಟ್. ಸೋತೆ ಅಂತ ಒಪ್ಪಿಸಿದರೆ ಮಾತ್ರ ಗೆಲುವು. ರೆಫರಿ ಕೆನ್ ಶ್ಯಾಮ್‌ರಾಕ್. ಇಲ್ಲಿ ಪೈಲ್ವಾನರಿಗಿಂತ ಜನರನ್ನು ನೋಡಬೇಕು, ನೋಡುವುದಕ್ಕಿಂತ ಕೇಳಬೇಕು. ಹೆಡ್‌ಫೋನ್ ಹಾಕಿಕೊಳ್ಳಿ. ಶುರುವಿನಲ್ಲಿ ಬ್ರೆಟ್ ಒಳ್ಳೆಯವನು, ಆಸ್ಟಿನ್ ಕೆಟ್ಟವನು, ಕಾಗದದ ಮೇಲೆ. ಇಬ್ಬರೂ ಜನರ ಮಧ್ಯೆ ಮೆಟ್ಟಿಲವರೆಗೂ ಹೊಡೆದಾಡಿಕೊಂಡು ಹೋಗಿ ವಾಪಸ್ ಬರುತ್ತಾರೆ. ಆಮೇಲೆ ಬ್ರೆಟ್ ಆಸ್ಟಿನ್‌ನ ಮಂಡಿಗೆ ಗಂಟು ಬೀಳುತ್ತಾನೆ. ಕಂಬದ ಎರಡೂ ಕಡೆ ಕಾಲು ಎಳೆದು ಹಿಂಡುತ್ತಾನೆ, ಕುರ್ಚಿಯಲ್ಲಿ ಹೊಡೆಯುತ್ತಾನೆ. ಪ್ರತಿ ಸಲವೂ ಆಸ್ಟಿನ್ ಕುಂಟುತ್ತಲೇ ಎದ್ದು ಬರುತ್ತಾನೆ. ಆ ಎದ್ದು ಬರುವುದಕ್ಕೆ ಜನರ ದನಿ ಸ್ವಲ್ಪ ಸ್ವಲ್ಪವೇ ಆ ಕಡೆ ವಾಲುತ್ತದೆ. ಯಾವ ನಿಮಿಷದಲ್ಲಿ ವಾಲಿತು ಅಂತ ನೀವೇ ಗುರುತಿಸಿಕೊಳ್ಳಿ, ನಿಮ್ಮ ಜತೆ ನೋಡುವವರು ಬೇರೆ ನಿಮಿಷ ಹೇಳುತ್ತಾರೆ. ಈ ಜಗಳ ಆಡಲು ಚೆನ್ನ.

ಕೊನೆಯ ಶಾರ್ಪ್‌ಶೂಟರ್. ಅದು ಬ್ರೆಟ್‌ನ ಸೋಲೊಪ್ಪಿಸುವ ಪಟ್ಟು. ಆಸ್ಟಿನ್ ಬೋರಲು ಬಿದ್ದಿದ್ದಾನೆ, ಕಾಲೆರಡನ್ನೂ ಹೆಣೆದು ಬ್ರೆಟ್ ಬೆನ್ನ ಮೇಲೆ ಕೂತಿದ್ದಾನೆ. ಹಣೆಯಿಂದ ಇಳಿದ ರಕ್ತ ಹಲ್ಲಿನ ಸಂದಿಯಲ್ಲೆಲ್ಲ ಹರಿದಿದೆ, ಕ್ಯಾಮೆರಾ ನೇರವಾಗಿ ಮುಖದ ಎದುರಿಗಿದೆ. (ಆ ರಕ್ತವೂ ಇಬ್ಬರೂ ಮಾತಾಡಿಕೊಂಡು ತಂದದ್ದೇ ಅಂತ ಬ್ರೆಟ್ ಆಮೇಲೆ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ.) ಒಮ್ಮೆ ಆಸ್ಟಿನ್ ಮೈಯೆಲ್ಲ ಒಟ್ಟುಗೂಡಿಸಿ ಬ್ರೆಟ್‌ನನ್ನು ಹೆಚ್ಚುಕಡಿಮೆ ಬೀಳಿಸಿಯೇಬಿಡುತ್ತಾನೆ, ಆಗುವುದಿಲ್ಲ. ಸೋತೆ ಅನ್ನುವುದಿಲ್ಲ, ಪ್ರಜ್ಞೆ ತಪ್ಪುತ್ತಾನೆ. ಶ್ಯಾಮ್‌ರಾಕ್ ಪಂದ್ಯ ನಿಲ್ಲಿಸುತ್ತಾನೆ. ಗೆದ್ದ ಬ್ರೆಟ್ ಸುಮ್ಮನಿರದೆ ಬಿದ್ದವನ ಕಾಲಿಗೆ ಮತ್ತೆ ಒದೆಯುತ್ತಾನೆ, ಶ್ಯಾಮ್‌ರಾಕ್ ಅವನ ಸೊಂಟ ಹಿಡಿದು ಎತ್ತಿ ಒಗೆಯುತ್ತಾನೆ. ಬಾ ಅಂತ ಶ್ಯಾಮ್‌ರಾಕ್ ಕರೆದರೆ ಬ್ರೆಟ್ ಹಿಂದೆ ಸರಿದು ಹೊರಟುಹೋಗುತ್ತಾನೆ. ಆಗಿನ ಛೀಮಾರಿ ಕೇಳಿ. ಆಸ್ಟಿನ್ ತನ್ನನ್ನು ಎತ್ತಲು ಬಂದ ಇನ್ನೊಬ್ಬ ರೆಫರಿಗೂ ತನ್ನ ಪಟ್ಟು ಸ್ಟನ್ನರ್ ಕೊಟ್ಟು, ಯಾರ ಹೆಗಲೂ ಬೇಡ ಅಂತ ಕುಂಟಿಕೊಂಡು ಒಬ್ಬನೇ ಹೋಗುತ್ತಾನೆ, ಇಡೀ ಮಂದಿ ಅವನ ಹೆಸರು ಕೂಗುತ್ತದೆ. ಇಪ್ಪತ್ತೆರಡು ನಿಮಿಷದಲ್ಲಿ ಒಳ್ಳೆಯವನು ಕೆಟ್ಟವನಾದ, ಕೆಟ್ಟವನು ಒಳ್ಳೆಯವನಾದ. ಮುಂದಿನ ವರ್ಷಗಳಲ್ಲಿ ಆಸ್ಟಿನ್ ಕಂಪನಿಯನ್ನೇ ಹೊತ್ತು ನಡೆಸಿದ. ಅವನನ್ನು ಅಷ್ಟು ದೊಡ್ಡವನಾಗಿ ಮಾಡಿದ್ದು ಒಂದು ಸೋಲು.

ಉದ್ದದ ಪಂದ್ಯಕ್ಕೆ ಬೇರೆ ಕ್ರಮ. ರಿಕ್ ಫ್ಲೇರ್ ಮತ್ತು ಸ್ಟೀಮ್‌ಬೋಟ್ 1989ರಲ್ಲಿ ಡಬ್ಲ್ಯುಡಬ್ಲ್ಯುಎಫ್ ಅಲ್ಲದ ಬೇರೆ ಕಂಪನಿಯಲ್ಲಿ ಮೂರು ದೊಡ್ಡ ಪಂದ್ಯ ಆಡಿದರು. ಫೆಬ್ರವರಿಯಲ್ಲಿ ಶಿಕಾಗೊ, ಏಪ್ರಿಲ್‌ನಲ್ಲಿ ನ್ಯೂ ಆರ್ಲಿಯನ್ಸ್, ಮೇನಲ್ಲಿ ನ್ಯಾಶ್‌ವಿಲ್. ಒಂದೇ ಕೂತಿನಲ್ಲಿ ಮೂರನ್ನೂ ಮುಗಿಸುತ್ತೇನೆ ಅಂತ ಹೊರಡಬೇಡಿ, ಅಜೀರ್ಣವಾಗುತ್ತದೆ. ನ್ಯೂ ಆರ್ಲಿಯನ್ಸ್‌ನದ್ದು ಮೂರರಲ್ಲಿ ಎರಡು ಸುತ್ತು ಗೆಲ್ಲಬೇಕಾದ ಪಂದ್ಯ, ಐವತ್ತೈದು ನಿಮಿಷ. ಒಂದು ರಾತ್ರಿಗೆ ಒಂದು ಸುತ್ತು ನೋಡಿ. ಅಷ್ಟು ದೊಡ್ಡ ಸೂಪರ್‌ಡೋಮ್‌ನಲ್ಲಿ ಖಾಲಿ ಕುರ್ಚಿಗಳೇ ಜಾಸ್ತಿ. ಅದೇ ದಿನ ಎದುರಿನ ಕಂಪನಿಯ ರೆಸಲ್‌ಮೇನಿಯಾ 5 ಬೇರೆ ಇತ್ತು. ಅದಕ್ಕೂ ಇದಕ್ಕೂ ಹೋಲಿಸಿದರೆ ನನ್ನ ಮತ ಯಾವತ್ತೂ ಈ ಖಾಲಿ ಕುರ್ಚಿಗಳಿಗೆ.

ಇಲ್ಲಿ ನೋಡಬೇಕಾದದ್ದು ಫ್ಲೇರ್‌ನ ಗತ್ತು ಇಳಿಯುವ ರೀತಿ. ಕಸೂತಿಯ ನಿಲುವಂಗಿ, ಬಾಚಿದ ಬಿಳಿಗೂದಲು, ನಡೆಯುವಾಗಲೇ ಜಂಬ. ಎದೆಗೆ ಚಾಪ್ (ಬಿಚ್ಚಿದ ಕೈಯ ಏಟು) ಹೊಡೆದಾಗ ಚಟೀರ್ ಅನ್ನುವ ಸದ್ದು ನಟನೆಯಲ್ಲ, ಇಬ್ಬರ ಎದೆಯೂ ಕೆಂಪಗಾಗಿರುತ್ತದೆ. ಹೊತ್ತು ಹೋದಂತೆ ಕೂದಲು ಕೆದರುತ್ತದೆ, ಮೊಣಕಾಲೂರಿ "ಬೇಡ ಬೇಡ" ಅಂತ ಕೈಮುಗಿಯುತ್ತಾನೆ, ಮರುಕ್ಷಣ ಕಣ್ಣಿಗೆ ಬೆರಳು ಹಾಕುತ್ತಾನೆ. ಅಷ್ಟು ಬೆಲ್ಟ್ ಗೆದ್ದವನು ಹೀಗೆ ಮರ್ಯಾದೆ ಕಳೆದುಕೊಳ್ಳಲು ತಯಾರಿದ್ದದ್ದರಿಂದಲೇ ಎದುರಿನವರೆಲ್ಲ ಅವನ ಜತೆ ದೊಡ್ಡವರಾಗಿ ಕಂಡರು. ನ್ಯಾಶ್‌ವಿಲ್ ಪಂದ್ಯಕ್ಕೆ ಮೂವರು ತೀರ್ಪುಗಾರರು ಕೂತಿರುತ್ತಾರೆ. ಅವರಲ್ಲಿ ಲೂ ಥೆಜ್ ಅನ್ನುವ ಹಿರಿಯನನ್ನು ಗುರುತಿಸಿ. 1968ರಲ್ಲಿ ಬಾಂಬೆಯಲ್ಲಿ ದಾರಾ ಸಿಂಗ್ ಜತೆ ಕುಸ್ತಿ ಮಾಡಿದವನು ಇವನೇ. ಇನ್ನೊಬ್ಬ ತೀರ್ಪುಗಾರ ಟೆರಿ ಫಂಕ್ ಪಂದ್ಯ ಮುಗಿದ ಮೇಲೆ ಏನು ಮಾಡುತ್ತಾನೆ ಅಂತ ಹೇಳುವುದಿಲ್ಲ. ಫಲಿತಾಂಶ ತಿಳಿದುಕೊಳ್ಳಿ ಅಂದದ್ದು ಪಂದ್ಯಕ್ಕೆ, ಅದರ ನಂತರದ್ದಕ್ಕಲ್ಲ.

ಜಪಾನಿನ ಪಂದ್ಯಗಳಿಗೆ ಭಾಷೆ ಅಡ್ಡಿ ಅಂತ ಹೆದರುವವರಿದ್ದಾರೆ. ನನಗೆ ಉಪಕಾರವಾದದ್ದೇ ಅದು. ಕಾಮೆಂಟರಿ ಅರ್ಥವಾಗದಿದ್ದರೆ ಮುಖ ನೋಡಲೇಬೇಕು. 1994ರ ಜೂನ್ 3ರಂದು ಟೋಕಿಯೊದ ಬುಡೊಕಾನ್‌ನಲ್ಲಿ ಮಿತ್ಸುಹಾರು ಮಿಸಾವಾ ಮತ್ತು ತೊಶಿಯಾಕಿ ಕವಾದಾ ಆಡಿದ ಪಂದ್ಯ ನೋಡಿ. ಒಂದೇ ಹೈಸ್ಕೂಲಿನ ಕುಸ್ತಿ ತಂಡದವರು, ಕವಾದಾ ಕಿರಿಯ. ಹಿರಿಯನನ್ನು ಒಮ್ಮೆ ಸೋಲಿಸಬೇಕು ಅನ್ನುವ ಹಟ ಅವನ ಗಂಟಿಕ್ಕಿದ ಮುಖದಲ್ಲೇ ಬರೆದಿದೆ. ಆ ದಿನವೂ ಸೋಲುತ್ತಾನೆ. ಆದರೆ ಈ ಪಂದ್ಯವನ್ನು ಪದೇ ಪದೇ ನೋಡುವುದನ್ನು ನಾನು ಬಿಟ್ಟಿದ್ದೇನೆ. ತಲೆ, ಕುತ್ತಿಗೆಯ ಮೇಲೆ ನೇರವಾಗಿ ಬೀಳುವುದೇ ಆ ಶೈಲಿಯ ಹೆಗ್ಗಳಿಕೆಯಾಗಿತ್ತು. ಮಿಸಾವಾ 2009ರ ಜೂನ್‌ನಲ್ಲಿ ಹಿರೋಶಿಮಾದ ರಿಂಗಿನಲ್ಲಿ ಒಂದು ಸಾಮಾನ್ಯ ಸುಪ್ಲೆಕ್ಸ್ (ಎತ್ತಿ ಹಿಂದಕ್ಕೆ ಎಸೆಯುವ ಪಟ್ಟು) ಬಿದ್ದ ಮೇಲೆ ಏಳಲೇ ಇಲ್ಲ, ಕತ್ತಿನ ಗಾಯದಿಂದ ತೀರಿಕೊಂಡ.

ಹಾಗಾಗಿ ಯಾವುದನ್ನು ಮತ್ತೆ ನೋಡಬಾರದು ಅನ್ನೋದೂ ಕ್ರಮದಲ್ಲೇ ಸೇರುತ್ತದೆ. 1998ರ ಜೂನ್ 28ರಂದು ಪಿಟ್ಸ್‌ಬರ್ಗ್‌ನಲ್ಲಿ ಅಂಡರ್‌ಟೇಕರ್ ಮಿಕ್ ಫೋಲಿಯನ್ನು ಹದಿನಾರು ಅಡಿ ಎತ್ತರದ ಪಂಜರದ ಮೇಲಿಂದ ಕಾಮೆಂಟರಿ ಮೇಜಿನ ಮೇಲೆ ಎಸೆದದ್ದನ್ನು ಎಲ್ಲರೂ ಕ್ಲಿಪ್ಪಿನಲ್ಲಿ ನೋಡಿದ್ದೀರಿ. ಪೂರ್ತಿ ಪಂದ್ಯ ಒಮ್ಮೆ ನೋಡಿ. ಅದು ಯೋಜನೆಯಂತೆ ಬಿದ್ದದ್ದು, ಆಮೇಲೆ ಪಂಜರದ ಚಾವಣಿ ಮುರಿದು ಒಳಗೆ ಬಿದ್ದದ್ದು ಯಾರೂ ಎಣಿಸಿರಲಿಲ್ಲ. ಜತೆಗೇ ಬಿದ್ದ ಕುರ್ಚಿ ಅವನ ಮುಖಕ್ಕೆ ಬಡಿಯಿತು. ಅವತ್ತು ಕಾಮೆಂಟೇಟರ್ ಜಿಮ್ ರಾಸ್‌ನ ದನಿಯಲ್ಲಿ ಕೇಳುವ ಭಯ ನಿಜದ್ದು. ಒಮ್ಮೆ ಸಾಕು. 1999ರ ಜನವರಿಯ ರಾಯಲ್ ರಂಬಲ್‌ನಲ್ಲಿ ಕೈಗೆ ಬೇಡಿ ಹಾಕಿದ ಅದೇ ಫೋಲಿಯ ತಲೆಗೆ ರಾಕ್ ಮೇಲಿಂದ ಮೇಲೆ ಕುರ್ಚಿಯಲ್ಲಿ ಹೊಡೆದದ್ದಿದೆಯಲ್ಲ, ಅದನ್ನು ಒಮ್ಮೆಯೂ ನೋಡಬೇಡಿ ಅಂತಲೇ ನನ್ನ ಸಲಹೆ. ಅವನ ಹೆಂಡತಿ ಮಕ್ಕಳು ಮುಂದಿನ ಸಾಲಿನಲ್ಲಿ ಕೂತಿದ್ದರು. ಹೊಡೆಸಿಕೊಳ್ಳುವವನನ್ನು ನೋಡಿ ಅಂತ ಇಷ್ಟು ಹೊತ್ತು ಹೇಳಿದೆನಲ್ಲ, ಹಾಗೆ ನೋಡಲು ಕಲಿತವನಿಗೆ ಇದು ತಡೆಯುವುದಿಲ್ಲ. ತಲೆಗೆ ಕುರ್ಚಿಯಲ್ಲಿ ಹೊಡೆಯುವುದನ್ನು ಕಂಪನಿಯೇ 2010ರಲ್ಲಿ ನಿಲ್ಲಿಸಿತು. ಇನ್ನು ಕ್ರಿಸ್ ಬೆನ್ವಾ. 2007ರಲ್ಲಿ ಹೆಂಡತಿ ಮತ್ತು ಮಗನನ್ನು ಕೊಂದು ತಾನೂ ಸತ್ತವನು. ಆಟ ಬೇರೆ, ಮನುಷ್ಯ ಬೇರೆ ಅನ್ನುವ ಗೆಳೆಯರು ನನಗಿದ್ದಾರೆ. ನನಗೆ ಅದು ಆಗುವುದಿಲ್ಲ, ಅವನ ಪಂದ್ಯ ಬಂದರೆ ಮುಂದಕ್ಕೆ ಹೋಗುತ್ತೇನೆ.

ಜತೆಗೆ ಯಾರನ್ನು ಕೂರಿಸಿಕೊಳ್ಳಬೇಕು? ಮೊದಲ ಸಲ ನೋಡುವ ಮಕ್ಕಳಿದ್ದರೆ ಉತ್ತಮ. ನನ್ನ ಅಕ್ಕನ ಮಗ ಸ್ಯಾವೇಜ್ ಪಂದ್ಯ ನೋಡುವಾಗ ಕೇಳಿದ, "ಮಾವ, ಇದು ನಿಜಾನಾ?" "ಬೀಳೋದು ನಿಜ ಕಣೋ, ಜಗಳ ಸುಳ್ಳು" ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ಹಾಗಾದ್ರೆ ಆ ಗಂಟೆ?" ಅಂದ. ಗಂಟೆಯೂ ನಿಜವೇ. ಮಕ್ಕಳು ಕೇಳಬೇಕಾದ್ದನ್ನೇ ಕೇಳುತ್ತಾರೆ. ಕುರ್ಚಿ, ರಕ್ತದ ಪಂದ್ಯಗಳನ್ನು ಅವರಿಗೆ ತೋರಿಸಬೇಡಿ, ರೆಸಲ್‌ಮೇನಿಯಾ 10ರ ಬ್ರೆಟ್ ಮತ್ತು ಓವನ್ ಹಾರ್ಟ್ ಪಂದ್ಯ ತೋರಿಸಿ. ಅಣ್ಣನನ್ನು ತಮ್ಮ ಸೋಲಿಸುತ್ತಾನೆ. ಅದೇ ರಾತ್ರಿ ಅಣ್ಣ ಯೊಕೊಜುನಾನನ್ನು ಮಣಿಸಿ ಚಾಂಪಿಯನ್ ಆಗುತ್ತಾನೆ, ತಮ್ಮನ ಹೊಟ್ಟೆ ಉರಿಯುತ್ತದೆ. ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ವಿವರಣೆಯೇ ಬೇಡ.

ನೋಡಿದ ಮೇಲೆ ನಿಮ್ಮದೇ ನಕ್ಷತ್ರ ಹಾಕಿ, ಬೇರೆಯವರ ಪಟ್ಟಿ ಆಮೇಲೆ ತೆರೆಯಿರಿ. ನನ್ನ ಪಟ್ಟಿಯ ತಲೆಯಲ್ಲಿರುವುದು ಇಲ್ಲಿ ಹೇಳಿದ ಯಾವುದೂ ಅಲ್ಲ. 1992ರ ಆಗಸ್ಟ್ 29, ಲಂಡನ್ನಿನ ವೆಂಬ್ಲಿ, ಸಮ್ಮರ್‌ಸ್ಲ್ಯಾಮ್. ಬ್ರೆಟ್ ಹಾರ್ಟ್ ವಿರುದ್ಧ ಅವನ ತಂಗಿಯ ಗಂಡ ಬ್ರಿಟಿಷ್ ಬುಲ್‌ಡಾಗ್. ಊರಿನವನಾದ ಭಾವನೇ ಗೆಲ್ಲಬೇಕು ಅಂತ ಮೊದಲೇ ತೀರ್ಮಾನವಾಗಿತ್ತು. ಶುರುವಾಗುತ್ತಿದ್ದಂತೆ ಮಾತಾಡಿಕೊಂಡದ್ದೆಲ್ಲ ಮರೆತುಹೋಯಿತು ಅಂತ ಬುಲ್‌ಡಾಗ್ ಕಿವಿಯಲ್ಲಿ ಹೇಳಿದನಂತೆ, ಉಳಿದದ್ದನ್ನು ಬ್ರೆಟ್ ರಿಂಗಿನಲ್ಲೇ ಒಂದೊಂದಾಗಿ ಹೇಳಿಕೊಟ್ಟು ನಡೆಸಿದನಂತೆ. ಇದು ಬ್ರೆಟ್ ಹೇಳಿಕೊಂಡ ಮಾತು, ಅವನಿಗೆ ತನ್ನ ಬಗ್ಗೆ ಸಣ್ಣ ಅಭಿಪ್ರಾಯ ಯಾವತ್ತೂ ಇರಲಿಲ್ಲ. ಆದರೂ ಪಂದ್ಯ ಹಾಕಿ, ಬ್ರೆಟ್ ಹಿಡಿತ ಹಾಕಿದಾಗಲೆಲ್ಲ ತಲೆ ಬಗ್ಗಿಸಿ ಬಾಯಿ ಎಲ್ಲಿ ಮರೆಮಾಡುತ್ತಾನೆ ನೋಡಿ. ಇಪ್ಪತ್ತೈದು ನಿಮಿಷ ಎದುರಾಳಿಯನ್ನು ಕೈಹಿಡಿದು ನಡೆಸಿ, ಎಂಬತ್ತು ಸಾವಿರ ಜನರ ಮುಂದೆ ಅವನ ಕೈಯಲ್ಲೇ ಸೋತ. ಇದಕ್ಕಿಂತ ಆಸ್ಟಿನ್ ಪಂದ್ಯವೇ ಮೇಲು ಅನ್ನುವವರು ಬಹಳ ಜನ ಇದ್ದಾರೆ, ಗೊತ್ತು. ವಾದಕ್ಕೆ ಬನ್ನಿ, ಚಹಾ ನನ್ನ ಲೆಕ್ಕದಲ್ಲಿ. ಹೈಲೈಟ್ಸ್ ನೋಡಿಕೊಂಡು ಬಂದವರು ಮಾತ್ರ ಅವರವರ ಚಹಾದ ದುಡ್ಡು ಅವರೇ ಕೊಡಬೇಕು.